ಬಸ್ಕಿ ಹೊಡೆಯುವ ಮೇಷ್ಟ್ರು

ರಾಯದುರ್ಗದ ನಮ್ಮ ಶಾಲೆಯಲ್ಲಿ ಎಲ್ಲರಿಗಿಂತ ದಡ್ಡ ಯಾರೆಂದು ಕೇಳಿದರೆ ಶಿಶು ತರಗತಿಯ ಮಕ್ಕಳೆಲ್ಲ ಒಂದೇ ಕಡೆ ಬೆರಳು ತೋರಿಸುತ್ತಿದ್ದರು: ತಮ್ಮ ಮೇಷ್ಟ್ರ ಕಡೆಗೆ! ಆ ಮಹಾನುಭಾವರು ನನ್ನ ಸೋದರಮಾವ.

ಇವರ ಪಾಠಕ್ರಮವಾದರೂ ಎಂಥದು? ಬೇಕೆಂದೇ ಹಲಗೆಯ ಮೇಲೊಂದು ತಪ್ಪು ಬರೆಯುವುದು. ಮಕ್ಕಳು ‘ತಪ್ಪು! ತಪ್ಪು!’ ಎಂದು ಹೆಂಚು ಹಾರುವಂತೆ ಕಿರುಚುವುದು. ಇವರು ಕಿವಿ ಹಿಡಿದು ಬಸ್ಕಿ ಹೊಡೆಯುವುದು, ಅವರು ಎಣಿಸುವುದು. ಕಿಟಕಿಯಾಚೆ ಮೇಯುವ ಕುರಿಗಳಿಗೂ ಎಣಿಕೆ ಬಂದಿರಬೇಕು!

ಕಾಲೇಜಿನ ಚರ್ಚಾಕೂಟದಲ್ಲಿ ಎದುರಾಳಿಗಳನ್ನು ಮಣ್ಣುಮುಕ್ಕಿಸಿ ರಜೆಗೆ ಬಂದಿದ್ದ ನನಗೆ ಇದು ಸಹ್ಯವಾದೀತೆ? ನೇರ ತರಗತಿಗೇ ನುಗ್ಗಿದೆ.

“ಮಾಮಾ, ಮೇಷ್ಟ್ರಿಗೆ ಮರ್ಯಾದಿ ಬ್ಯಾಡೇನ್ರಿ?”

“ಮರ್ಯಾದಿ ಮನ್ಯಾಗ ಮಡಿಚಿಟ್ಟು ಬರ್ತೀನಪ್ಪಾ. ಇಲ್ಲಿ ತಂದ್ರ ಹುಡುಗ್ರು ಹರಿದು ಹಾಕ್ತಾರ.”

‘ಮೊದಲನೆಯದಾಗಿ’ ಎಂದು ವಾದ ಹೂಡಿದೆ. ‘ಎರಡನೆಯದಾಗಿ’ ಎಂದೆ. ಆವೇಶದಲ್ಲಿ ಮತ್ತೆ ‘ಎರಡನೆಯದಾಗಿ’ ಎಂದುಬಿಟ್ಟೆ!

“ಅಣ್ಣ ತಪ್ಪಿದ! ಬಸ್ಕಿ ಹೊಡೀರಿ!”

ಹೊಡೆದೆನೇ? ಹೊಡೆದೆ. ಬಾಗಿಲಿಗೆ ಮಕ್ಕಳೇ ಅಡ್ಡ ನಿಂತಿದ್ದರಲ್ಲ!

ಪಾಠ ಮತ್ತೆ ಶುರುವಾಗಿ, ನಾನು ತೊಡೆ ನೀವಿಕೊಳ್ಳುತ್ತಿರುವಾಗ, ಹೇಳದೆ ಕೇಳದೆ, ಮದರಾಸು ಸರ್ಕಾರದ ಶಾಲಾ ಇನ್‌ಸ್ಪೆಕ್ಟರು ಒಳಗೆ ಬಂದರು. ಹಲಗೆಯ ಮೇಲೆ ಐದು, ಆರು, ಏಳು, ಒಂಬತ್ತು. ಅದರ ಕೆಳಗೆ ಮಾವ, ಅರ್ಧ ಬಸ್ಕಿಯಲ್ಲಿ.

“ಏಮಯ್ಯಾ ಇದಿ? ಏನಯ್ಯಾ ಇದು?”

“ಲೆಕ್ಕದ ಪಾಠ, ಸ್ವಾಮಿ.”

“ಏಳಾದ ಮೇಲೆ ಎಂಟು ಅಂತ ಗೊತ್ತಿಲ್ಲದವನು ಮೇಷ್ಟ್ರಾ? ನಾಳೆಯಿಂದ ನಿನಗೆ ಕೆಲಸ ಇಲ್ಲ!”

ಬೇಕೆಂದೇ ಬರೆದೆ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ಮಾವ ಮಕ್ಕಳತ್ತ ನೋಡಿದರು. ಹೇಳಲಿಲ್ಲ. ಹೇಳಿದರೆ ಆ ಮಕ್ಕಳ ಗೆಲುವುಗಳೆಲ್ಲ ಸುಳ್ಳಾಗುತ್ತಿದ್ದವು. ನಾನೇ ಹೇಳಹೊರಟರೆ ಕಣ್ಣಲ್ಲೇ ಗದರಿದರು!

ಆಗ ಎದ್ದಳು ಕುರಿಗಾರರ ಮನೆಯ ಪುಟ್ಟ ಹುಡುಗಿ. ಶಾಲೆಗೆ ಸೇರಿದಾಗಿನಿಂದ ಲಂಗದಲ್ಲಿ ಮುಖ ಹುದುಗಿಸಿ ಕೂತಿದ್ದವಳು, ಬಾಯಿಬಿಟ್ಟವಳೇ ಅಲ್ಲ.

“ಬೈಬ್ಯಾಡ್ರಿ ಸಾಮಿ. ನಮ್ಮ ಮೇಷ್ಟ್ರಿಗೆ ಎಂಟು ಬರಂಗಿಲ್ಲ. ನಾವು ಕಲಿಸಾಕ ಹತ್ತೀವಿ. ಇನ್ನ ನಾಕು ದಿನ ಬಿಡ್ರಿ, ಕಲೀತಾರ.”

ಇನ್‌ಸ್ಪೆಕ್ಟರು ಅವಳನ್ನು ನೋಡಿದರು, ಹಲಗೆಯನ್ನು ನೋಡಿದರು, ಮಾವನನ್ನು ಬಹಳ ಹೊತ್ತು ನೋಡಿದರು. ಅವರ ಮೀಸೆ ಅಲುಗಿತು.

“ಸರೇಲೇಮ್ಮಾ. ಚೆನ್ನಾಗಿ ಕಲಿಸು. ಅಲ್ಲಿತನಕ ಇವರು ಇಲ್ಲೇ ಇರಲಿ” ಎಂದು ಹೊರಟುಹೋದರು.

ಮಾವ ಮಾತ್ರ ಏಳಲಿಲ್ಲ. ಕುಕ್ಕರಗಾಲಲ್ಲೇ ಕೂತು, ಪಂಚೆಯ ಚುಂಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಹುಡುಗಿ ಹತ್ತಿರ ಹೋಗಿ ಅವರ ಬೆನ್ನು ಸವರಿದಳು.

“ಅಳಬ್ಯಾಡ್ರಿ ಮೇಷ್ಟ್ರೇ. ನಾಳಿಗೆ ಬರ್ತೈತಿ.”