ಚೀಲ ಬಿಚ್ಚಿ ನೋಡುವ ಚಟ

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಚೀಲಕ್ಕೆ ಕೈ ಹಾಕಿ, ಹಿಡಿ ತುಂಬ ತೆಗೆದು, ಮುರಿದು ಮೂಸದೆ ಯಾರೂ ಮುಂದಿನ ಮಾತಾಡುವುದಿಲ್ಲ. ತೆಗೆದದ್ದನ್ನು ಚೀಲಕ್ಕೆ ವಾಪಸು ಹಾಕುವ ದಡ್ಡರೂ ಅಲ್ಲಿಲ್ಲ. ಈ ಘನವಾದ ಅಭ್ಯಾಸವೇ ಮೈಲೇಶನ ನೌಕರಿಗೆ ಮುಳುವಾಯಿತು.

ರಾಣೇಬೆನ್ನೂರಿನಿಂದ ಬಂದ ಅವನದು ಫಕ್ಕೀರಪ್ಪನವರ ದಲಾಲಿ ಅಂಗಡಿಯಲ್ಲಿ ಮೂರು ತಿಂಗಳ ಪರೀಕ್ಷೆಯ ನೌಕರಿ. ಅಂದೇ ಕೊನೆಯ ದಿನ. ಹನ್ನೊಂದಕ್ಕೆ ಖರೀದಿದಾರರು ಬರುವಾಗ ಯಾವ ರೈತನವು ಎಷ್ಟು ಚೀಲ ಎಂಬ ಪಟ್ಟಿ ಅಂಗಡಿಯ ಟಿವಿಯಲ್ಲಿ ಮೂಡಿದರೆ ನೌಕರಿ ಕಾಯಂ. ಅದಕ್ಕಾಗಿ ಅವನು ಪೈಥಾನ್‌ನಲ್ಲಿ 'ಜನರೇಟರ್' ಎಂಬ ಕಂಪ್ಯೂಟರ್ ಪ್ರೋಗ್ರಾಮು ಬರೆದಿದ್ದ. ಕೇಳಿದಾಗ ಅದು ಒಬ್ಬೊಬ್ಬ ರೈತನ ಹೆಸರು ಕೊಡುತ್ತದೆ. ಪ್ರತಿ ಹೆಸರಿನೊಳಗೆ ಇನ್ನೊಂದು ಜನರೇಟರ್ ಕೂತು ಒಂದೊಂದೇ ಚೀಲ ಕೊಡುತ್ತದೆ. ಎರಡರದೂ ಒಂದೇ ಬುದ್ಧಿ: ಒಮ್ಮೆ ಕೊಟ್ಟದ್ದನ್ನು ಮತ್ತೆ ಕೊಡುವುದಿಲ್ಲ.

ಹತ್ತಕ್ಕೆ ಫಕ್ಕೀರಪ್ಪ ಬಂದರು. "ಒಳಗ ಏನೈತಿ, ತೋರ್ಸು."

"ನೋಡಿದ್ರ ಖಾಲಿ ಆಗ್ತೈತ್ರೀ ಧಣಿ."

"ಮೂವತ್ತು ವರ್ಷದಾಗ ನೋಡಿದ್ದಕ್ಕ ಖಾಲಿ ಆದ ಚೀಲ ನಾ ಕಂಡಿಲ್ಲ. ತೋರ್ಸೋ."

ತೋರಿಸಿದ. ಧಣಿಗಳು ತಲೆದೂಗಿ ಹೋದರು. ಟಿವಿಗೆ ಕಳಿಸಿದರೆ ಒಂದು ಹೆಸರೂ ಇಲ್ಲ. ಮೈಲೇಶ ಬೆವರು ಒರೆಸಿಕೊಂಡು ಎಲ್ಲವನ್ನೂ ಮತ್ತೆ ತುಂಬಿಸಿದ. ಈ ಸಲ ಮಹಾ ಜಾಣತನ ಮಾಡಿ, ಹೆಸರುಗಳನ್ನು ಪಟ್ಟಿಯಲ್ಲಿ ಭದ್ರವಾಗಿಟ್ಟ. ಒಳಗಿನ ಚೀಲಗಳು ಮಾತ್ರ ನೋಡಿದರೆ ಖಾಲಿಯಾಗುವ ಜನರೇಟರಿನಲ್ಲೇ ಉಳಿದದ್ದು ಆ ಜಾಣನಿಗೆ ಹೊಳೆಯಲೇ ಇಲ್ಲ.

ಚಹಾ ಕುಡಿದು ಬರುವಷ್ಟರಲ್ಲಿ ಲೆಕ್ಕ ಬರೆಯುವ ನಾಗಲಕ್ಷ್ಮಿ ಕಂಪ್ಯೂಟರಿನ ಮುಂದೆ ಕೂತಿದ್ದಳು.

"ಒಂದೊಂದ ಚೀಲಾನೂ ತಗದು ನೋಡೇನಿ. ಎಲ್ಲಾ ಬರೋಬ್ಬರಿ ಐತಿ," ಎಂದಳು ಉಪಕಾರ ಮಾಡಿದವಳಂತೆ.

ಗಡಿಯಾರ ಹನ್ನೊಂದು ಹೊಡೆಯಿತು. ಟಿವಿಯಲ್ಲಿ ರೈತರ ಹೆಸರುಗಳೆಲ್ಲ ಸಾಲಾಗಿ ಬಂದವು. ಪ್ರತಿ ಹೆಸರಿನ ಮುಂದೆ 'ಚೀಲ ಇಲ್ಲ'. ಮೈಲೇಶನಿಗೆ ನೆಲವೇ ಬಾಯಿ ಬಿಡಬಾರದೇ ಅನ್ನಿಸಿತು.

ಖರೀದಿಗೆ ಬಂದ ಇಸಾಕಸಾಬ ಪಟ್ಟಿ ಓದಿ ಗಾಬರಿಯಾದ. "ನಾವು ಬರೂದ್ರಾಗ ಯಾರ್ರೀ ಮಾಲು ಎತ್ತಿದ್ದು? ಗೋದಾಮಿನ್ಯಾಗ ಉಳದಿದ್ದನ್ನರ ನನಗ ಕೊಡ್ರಿ, ಕೇಳಿದ ರೇಟು ಕೊಡ್ತೇನಿ." ಉಳಿದವರೂ ಅವನ ಹಿಂದೆ ಗೋದಾಮಿಗೆ ನುಗ್ಗಿದರು. ಹನ್ನೆರಡಕ್ಕೆ ಒಂದು ಚೀಲವೂ ಉಳಿಯಲಿಲ್ಲ. ಅಂಥ ಧಾರಣೆ ಈ ಹಂಗಾಮಿನಲ್ಲೇ ಬಂದಿರಲಿಲ್ಲ.

ಫಕ್ಕೀರಪ್ಪ ಮೈಲೇಶನ ಬೆನ್ನು ಚಪ್ಪರಿಸಿದರು. "ಭಾರೀ ತಲಿ ಐತಿ ನಿಂದು. ಇನ್ನ ಮ್ಯಾಲೆ ದಿನಾ 'ಇಲ್ಲ' ಅಂತನ ಬರಬೇಕು."

"ಆತ್ರೀ ಧಣಿ. ಹಂಗಾರ ನೌಕರಿ ಕಾಯಂ ಏನ್ರೀ?"

ಧಣಿಗಳು ಟಿವಿ ಆರಿಸಿದರು.

"'ಇಲ್ಲ' ಅಂತ ಬರಿಯಾಕ ಒಂದು ಹಲಗಿ, ಒಂದು ಬಳಪ ಸಾಕಲ್ಲೋ ತಮ್ಮಾ. ನಾಗಲಕ್ಷ್ಮಿ ಬರೀತಾಳ. ರಾಣೇಬೆನ್ನೂರು ಬಸ್ಸು ಒಂದು ಗಂಟೆಗೈತಿ ನೋಡು."