ಸತ್ತ ರಾಣಿಯರ ವಕಾಲತ್ತು

ಬೈಸಿಕೊಂಡ ಹೆಂಗಸಿನ ಪರ ಬಾಯಿಬಿಟ್ಟರೆ ಬೈಗುಳದಲ್ಲಿ ನಮಗೂ ಒಂದು ಪಾಲು ಬಂದೇ ಬರುತ್ತದೆ. ನನಗಂತೂ ಅದು ಕೆಲಸಕ್ಕೆ ಸೇರುವ ಮೊದಲೇ ಶುರುವಾಯಿತು.

೧. ಸಂದರ್ಶನ

ಎಪ್ಪತ್ತರ ದಶಕ. ಬಸವಕಲ್ಯಾಣದ ಕಾಲೇಜೊಂದರಲ್ಲಿ ಇತಿಹಾಸ ಕಲಿಸಲು ಅರ್ಜಿ ಹಾಕಿದ್ದೆ. ಆಡಳಿತ ಮಂಡಳಿಯ ಅಧ್ಯಕ್ಷರು ಚಿಟಗುಪ್ಪದ ಬೇಳೆ ವ್ಯಾಪಾರಿ. ಏನು ಓದಿದ್ದೀರಿ ಎಂದರು. ಹಿಂದಿನ ಕಾಲದ ಯುರೋಪಿನ ಸನ್ಯಾಸಿಗಳು ಲ್ಯಾಟಿನ್ ಪದ್ಯಗಳಲ್ಲಿ ಸೆಮಿರಾಮಿಸ್, ಕ್ಲಿಯೋಪಾತ್ರರಂಥ ರಾಣಿಯರನ್ನು ಹೇಗೆ ಬೈದಿದ್ದಾರೆ ಅನ್ನುವುದನ್ನು ಎಂದೆ. ಆ ಸನ್ಯಾಸಿಗಳು ರಾಣಿಯರನ್ನು ಕಂಡಿದ್ದರೇ ಎಂದು ಅಧ್ಯಕ್ಷರು ಕೇಳಿದರು. ಇಲ್ಲ, ರಾಣಿಯರು ಸತ್ತು ಸಾವಿರ ವರ್ಷದ ಮೇಲಾಗಿತ್ತು ಎಂದೆ.

"ಬೆಂಕಿ ಇಲ್ಲದ ಹೊಗಿ ಬರ್ತದೇನ್ರಿ ಅಕ್ಕೋರ?"

ನನಗೆ ಮೈಯೆಲ್ಲ ಉರಿಯಿತು. ಆದರೂ ಕೆಲಸ ಸಿಕ್ಕಿತು. ಬೇರೆ ಯಾರೂ ಅರ್ಜಿ ಹಾಕಿರಲಿಲ್ಲ.

೨. ರಾಣಿಯ ಮೀಸೆ

ಕಾಲೇಜಿನ ವಾರ್ಷಿಕ ಗ್ಯಾದರಿಂಗಿಗೆ ಸೆಮಿರಾಮಿಸಳ ಮೇಲೆ ನಾಟಕ ಬರೆದೆ. ಅವಳ ಮಾತನ್ನು ಒಮ್ಮೆಯಾದರೂ ಅವಳೇ ಆಡಲಿ ಎಂಬ ಹಟ. ಅಂಥ ಹೆಂಗಸಿನ ಪಾರ್ಟು ನಮ್ಮ ಹುಡುಗಿಗೆ ಬೇಡ ಎಂದು ಮನೆಮನೆಯಿಂದಲೂ ಹೇಳಿ ಕಳಿಸಿದರು. ಕೊನೆಗೆ ಒಪ್ಪಿದವನು ಬೇಮಳಖೇಡದಿಂದ ಬರುವ ಬಿ.ಎ. ವಿದ್ಯಾರ್ಥಿ. ಮೀಸೆ ತೆಗಿ ಎಂದೆ. ಅಪ್ಪ ಬದುಕಿರುವಾಗ ಮೀಸೆ ತೆಗೆದರೆ ಊರೇ ಬಿಡಬೇಕಾದೀತು ಎಂದ.

ರಾಣಿ ಮೀಸೆಯ ಸಮೇತ ಸಿಂಹಾಸನ ಏರಿದಳು. ಗಂಡುವೇಷ ಹಾಕಿ ರಾಜ್ಯ ಆಳಿದಳು ಎಂಬುದೂ ಸನ್ಯಾಸಿಗಳು ಅವಳ ಮೇಲೆ ಹೊರಿಸಿದ ಒಂದು ದೊಡ್ಡ ಆರೋಪ. ಮುಂದಿನ ಸಾಲಿನಲ್ಲಿದ್ದ ಅಧ್ಯಕ್ಷರು, ಆ ಸನ್ಯಾಸಿಗಳು ಸುಳ್ಳೇನೂ ಬರೆದಿಲ್ಲ ಎಂದು ತಲೆಯಾಡಿಸಿದರು.

೩. ಹೋಳಿ ಪದ

ಮರುವರ್ಷ ನನ್ನ ಕೆಲಸ ಕಾಯಂ ಆಗಬೇಕಿತ್ತು. ಆಗದಿದ್ದರೆ ಮನೆಯವರು ಮದುವೆ ಮಾಡಿ ಕೂರಿಸುವುದು ಖಾತ್ರಿ. ಹೋಳಿ ಹುಣ್ಣಿಮೆಗೆ ಹೆಂಗಸರ ಮೇಲೆ ಹೊಲಸು ಪದ ಕಟ್ಟಿ ಹಾಡುವ ರೂಢಿ ಹುಮನಾಬಾದಿನ ನಮ್ಮ ಓಣಿಯಲ್ಲಿತ್ತು. ಆ ಸಲ ಪದ ನನ್ನ ಮೇಲೆ. ದಿನಾ ಒಬ್ಬಳೇ ಬಸ್ಸಿನಲ್ಲಿ ಬಸವಕಲ್ಯಾಣಕ್ಕೆ ಓಡಾಡುವವಳು ಎಂದು ಶುರು, ಮುಂದಿನದನ್ನು ಬರೆಯಲಾರೆ. ಅದು ಚಿಟಗುಪ್ಪಕ್ಕೂ ಮುಟ್ಟಿತು. ಅಧ್ಯಕ್ಷರು ನನ್ನನ್ನು ಮನೆಗೆ ಕರೆಸಿ, ಇನ್ನೂ ಸಹಿ ಹಾಕದ ಕಾಯಮಾತಿಯ ಕಾಗದ ಮುಂದಿಟ್ಟುಕೊಂಡು ಕೂತರು.

"ನೆಟ್ಟಗಿದ್ದವರ ಮ್ಯಾಲ ಯಾಕ ಪದ ಕಟ್ತಾರ್ರಿ?"

ಅಷ್ಟರಲ್ಲಿ ಚಹಾ ತಂದ ಅವರ ತಾಯಿ ಅಲ್ಲೇ ಕೂತುಬಿಟ್ಟರು.

"ನನ್ನ ಮ್ಯಾಲೂ ಕಟ್ಟಿದ್ರು. ಮೂರು ಹೋಳಿ ಹಾಡಿದ್ರು."

ಅಧ್ಯಕ್ಷರ ಮುಖ ಕೆಂಪಾಯಿತು. ಯಾವನವನು ಬದ್ಮಾಷ್, ಈಗಲೇ ಹೆಸರು ಹೇಳು ಎಂದು ಎದ್ದು ನಿಂತರು.

"ನಿಮ್ಮಪ್ಪ. ಮೊದಲನೇ ಸಲ ಹೆಣ್ಣು ಕೇಳಾಕ ಬಂದಾಗ ನಾ ಒಲ್ಲೆ ಅಂದಿದ್ದೆ. ಸಹಿ ಹಾಕು, ಚಾ ಆರಾಕತ್ತದ."