ಭಾನುವಾರದ ಬಟ್ಟೆ ಮಕ್ಕಳ ಪಾಲು

ಮಕ್ಕಳ ಕೈಗೆ ಬಟ್ಟೆ ಒಗೆಯುವ ಕೆಲಸ ಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಭಾನುವಾರ ಟಿವಿ ಹಾಕುವ ಅಗತ್ಯವೇ ಬಿದ್ದಿಲ್ಲ. ವಾರವಿಡೀ ಕಾಮಾಕ್ಷಿಪಾಳ್ಯದ ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವಳು ನಾನು. ಇರುವ ಒಂದು ರಜೆಯಲ್ಲಿ ಮಧ್ಯಾಹ್ನ ನಿದ್ದೆ ಮಾಡಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಮನೆ ಓನರ್ ಮಾತ್ರ, "ಒಂದು ಕಂಪ್ಲೇಂಟ್ ಬಂದ್ರೂ ಮಕ್ಕಳು ಟೆರೇಸ್ ಹತ್ತೋ ಹಾಗಿಲ್ಲಮ್ಮ" ಅಂದುಬಿಟ್ಟರು. ಹಾಗಾದರೆ ಬಕೆಟ್ಟು ಮತ್ತೆ ನನ್ನ ಕೈಗೇ, ನಿದ್ದೆ ಗೋವಿಂದ!

ಹಿಂಡುವುದು

ಮೊದಲ ಭಾನುವಾರವೇ ಮಗಳೂ ಮಗನೂ ಹಿಂದಿನ ರಾತ್ರಿ ರಿಮೋಟಿಗಾಗಿ ಜಗಳವಾಡಿ ಮಾತು ಬಿಟ್ಟಿದ್ದರು. ಒದ್ದೆ ಬೆಡ್‌ಶೀಟಿನ ಒಂದೊಂದು ತುದಿ ಕೊಟ್ಟು ಹಿಂಡಿ ಎಂದೆ. ಇಬ್ಬರೂ ಒಂದೇ ಕಡೆಗೆ ತಿರುಗಿಸಿದರು. ಬೆಡ್‌ಶೀಟು ಸುತ್ತಿತೇ ಹೊರತು ಹನಿ ನೀರು ಬೀಳಲಿಲ್ಲ.

"ಅಮ್ಮಾ, ಆ ಕಡೆ ತಿರುಗ್ಸು ಅಂತ ಅವಳಿಗೆ ಹೇಳು."

"ನಾನ್ಯಾಕೆ? ಅವನೇ ತಿರುಗಿಸ್ಲಿ."

"ನಾನು ಮಲಗಿದೀನಿ ಕಣ್ರೋ" ಎಂದೆ.

ಸ್ವಲ್ಪ ಹೊತ್ತಿಗೆ ಇಬ್ಬರಿಗೂ ದೊಡ್ಡ ಮನಸ್ಸು ಬಂತು. ಬಂದಿದ್ದು ಒಟ್ಟಿಗೇ! ಇಬ್ಬರೂ ದಿಕ್ಕು ಬದಲಾಯಿಸಿದರು, ಬೆಡ್‌ಶೀಟು ಈಗ ಆ ಕಡೆ ಸುತ್ತತೊಡಗಿತು. ಕೊನೆಗೆ ಅವರಿಗೆ ಒಬ್ಬರಿಗೊಬ್ಬರು ಮಾತಾಡದೆ ವಿಧಿಯಿರಲಿಲ್ಲ.

ಜೇಬು

ನೆನೆಹಾಕುವ ಮೊದಲು ಜೇಬು ನೋಡುವುದು ಮಗನ ಡ್ಯೂಟಿ. ನಮ್ಮ ಯಜಮಾನರ ಶರ್ಟಿನಿಂದ ಬಜ್ಜಿ ಕಟ್ಟಿದ ಕಾಗದ ಹೊರಬಂತು. ಅವನು ಅದನ್ನು ಅಪ್ಪನ ಮುಂದೆ ಹಿಡಿದು ಕೇಳಿದ: "ಅಪ್ಪಾ, ಡಾಕ್ಟ್ರು ಎಣ್ಣೆ ಬೇಡ ಅಂದಿದ್ದು ಬಾಯಿಗೆ ಮಾತ್ರಾನಾ, ಜೇಬಿಗೂನಾ?"

ಅಂದಿನಿಂದ ಇವರು ತಮ್ಮ ಶರ್ಟನ್ನು ತಾವೇ ಒಗೆದುಕೊಳ್ಳುತ್ತಿದ್ದಾರೆ. ನಾನು ಎಷ್ಟು ವರ್ಷ ಬೇಡಿಕೊಂಡರೂ ಆಗದ ಕೆಲಸ ಇದು.

ಮಳೆ

ಮೊನ್ನೆ ಭಾನುವಾರ ನಾನು ಗೊರಕೆಯಲ್ಲಿದ್ದಾಗ ದಬದಬ ಮಳೆ ಶುರುವಾಯಿತು. ನಿದ್ದೆಗಣ್ಣಲ್ಲೇ ಎದ್ದು ಟೆರೇಸಿಗೆ ಓಡಿದರೆ ಹಗ್ಗಗಳೆಲ್ಲ ಖಾಲಿ. ಕೆಳಗೆ ಬಂದರೆ ನಮ್ಮ ಮನೆಯ ಹಾಲ್‌ನಲ್ಲಿ ಇಡೀ ಬಿಲ್ಡಿಂಗಿನ ಬಟ್ಟೆ! ಮಕ್ಕಳು ಮೋಡ ಕವಿದಾಗಲೇ ಎಲ್ಲವನ್ನೂ ಎತ್ತಿ ತಂದು, ಮಡಿಚಿ, ಮನೆಮನೆಗೂ ಬೇರೆ ಗುಡ್ಡೆ ಮಾಡಿದ್ದರು. ಅಕ್ಕಪಕ್ಕದ ಹೆಂಗಸರೆಲ್ಲ ಬಂದು ಕೆನ್ನೆ ಸವರಿದ್ದೇ ಸವರಿದ್ದು. ಖುಷಿಗೆ ನನಗೆ ಕಣ್ಣು ತುಂಬಿತು.

ಅಷ್ಟರಲ್ಲಿ ಓನರ್ ಬಂದರು. ಗರಿಗರಿ ಬಿಳಿ ಪಂಚೆ, ಕೈಯಲ್ಲಿ ಕೊಡೆ. "ನಮ್ಮ ಬಟ್ಟೆ ಯಾರು ಮುಟ್ಟಿದ್ದು?"

ಮುಗಿಯಿತು ನನ್ನ ನಿದ್ದೆ ಅಂದುಕೊಂಡೆ. ಮಗನೋ, ಎಲ್ಲರೆದುರಿಗೆ ಒಂದು ದೊಡ್ಡ ಚಡ್ಡಿ ಬಿಡಿಸಿ ಹಿಡಿದ. ಮೈತುಂಬ ಹಳದಿ ಬಾತುಕೋಳಿ, ಹಿಂದೆ ತೇಪೆ.

"ಅಂಕಲ್, ಇದೊಂದು ಯಾರದ್ದು ಅಂತ ಗೊತ್ತಾಗ್ಲಿಲ್ಲ. ನಿಮ್ಮ ಸೈಜೇ ಇದೆ."

"ನಂದಲ್ಲ" ಎಂದರು ಓನರ್, ಬಲು ಗಂಭೀರವಾಗಿ.

ಅವರ ಹಿಂದೆಯೇ ಬಂದ ಹೆಂಡತಿ ಕೈತಟ್ಟಿದರು: "ಅಯ್ಯೋ ರೀ, ಸಿಕ್ತಲ್ಲ ನಿಮ್ಮ ಬಾತುಕೋಳಿ!"

ಎಲ್ಲರೂ ನಕ್ಕು ಸುಸ್ತಾದೆವು. ಸಂಜೆ ಓನರ್ ಒಬ್ಬರೇ ಬಂದು ಟೆರೇಸಿನ ಬೀಗದ ಕೈಯನ್ನೇ ನನಗೆ ಕೊಟ್ಟರು. "ಭಾನುವಾರ ಟೆರೇಸ್ ಮಕ್ಕಳದ್ದೇ ಇರಲಮ್ಮ. ಮಳೆ ಬಂದ್ರೆ ಎಲ್ಲರದ್ದೂ ಎತ್ಲಿ" ಎಂದವರು ದನಿ ತಗ್ಗಿಸಿದರು. "ನಂದು ಮಾತ್ರ ಕವರ್‌ನಲ್ಲಿ ಹಾಕಿ ಕೊಡೋಕೆ ಹೇಳು."